ಮೆಣಸಿನಕಾಯಿ ಸುಗ್ಗಿಯಲ್ಲಿ ಬೆಕ್ಕಿನ ಹೊಟ್ಟೆ ನೋಡಿದ್ದು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬೆಕ್ಕಿನ ದನಿ ತೆಗೆದರೆ ಅಣ್ಣಿಗೇರಿ ಪೇಟೆಯ ಬೆಕ್ಕುಗಳೆಲ್ಲ ಸಾಲುಗಟ್ಟಿ ಹಿಂದೆ ಬರುತ್ತವೆ ಎಂದು, ಯಾರೂ ಕೇಳದಿದ್ದರೂ, ಊರಿಗೆ ಹೊಸದಾಗಿ ಬಂದ ಡಾಕ್ಟರರ ಮುಂದೆ ಜಂಬ ಕೊಚ್ಚಿದವನು ನಾನೇ. ಅವರು ನಂಬಿಬಿಟ್ಟರು. ಅದರಿಂದಾಗಿ ಆ ವರ್ಷದ ಮೆಣಸಿನಕಾಯಿ ಸುಗ್ಗಿ ಪೂರ್ತಿ ನಾನು ಬೆಕ್ಕು ಹಿಡಿಯುವುದರಲ್ಲಿ, ಬೆಕ್ಕು ನನ್ನನ್ನು ಪರಚುವುದರಲ್ಲಿ ಕಳೆದುಹೋಯಿತು. ಉಳಿದ ಊರು ಸೇರಿ ಡಾಕ್ಟರರ ತಲೆ ತಿಂದಿತು.

ಇದೆಲ್ಲ ಮತ್ತೆ ನೆನಪಾದದ್ದು ಹೋದ ತಿಂಗಳು ಹುಬ್ಬಳ್ಳಿಯಲ್ಲಿ, ನಾನು ಅಂಗಿ ಎತ್ತಿಕೊಂಡು ಅಂಗಾತ ಮಲಗಿದ್ದಾಗ. ಸೊಂಟದ ಪಕ್ಕದಲ್ಲಿ ನೋವು ಬಂದು ಒದ್ದಾಡುತ್ತಿದ್ದೆ. ಸ್ಕ್ಯಾನಿಂಗ್ ಮಾಡಿಸು ಅಂದರು. ಕತ್ತಲೆ ಕೋಣೆ, ಬೂದು ಬಣ್ಣದ ಪರದೆ, ಹೊಟ್ಟೆಯ ಮೇಲೆ ತಣ್ಣಗಿನ ಲೋಳೆ. ಆ ಲೋಳೆಯ ವಾಸನೆ ಮೂಗಿಗೆ ಬಡಿದಿದ್ದೇ ತಡ, ನನಗೆ ಸೀನು ಮತ್ತು ನಗು ಒಟ್ಟಿಗೇ ಬಂದವು.

"ಯಾಕ್ರಿ ನಗಾಕತ್ತೀರಿ? ಕಿಡ್ನ್ಯಾಗ ಹಳ್ಳು ಅದಾವ ಅಂತ ಹೇಳಿದ್ರ ಯಾರರ ನಗತಾರೇನು?" ಅಂದರು ಅಲ್ಲಿನ ಡಾಕ್ಟರು.

"ಇಲ್ರಿ ಸಾಹೇಬ್ರ, ಈ ಲೋಳಿ ನಾ ಹಿಂದ ಬೆಕ್ಕಿನ ಹೊಟ್ಟಿಗೆ ಹಚ್ಚತಿದ್ದೆ."

ಅವರು ಕೈಯೊಳಗಿನ ಯಂತ್ರವನ್ನು ಪಕ್ಕಕ್ಕಿಟ್ಟು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಇವನನ್ನು ಕಳಿಸಬೇಕಾದ ವಾರ್ಡು ಬೇರೆ ಅನಿಸಿರಬೇಕು.

ಇದು ತೀರ ಹಳೆಯ ಕಥೆಯೇನಲ್ಲ, ಎರಡು ಸುಗ್ಗಿಯ ಹಿಂದಿನದು. ನಾನಾಗ ಬಿ.ಕಾಂ.ನಲ್ಲಿ ಒಂದು ವಿಷಯ ಉಳಿಸಿಕೊಂಡು, ನಮ್ಮ ತಂದೆಯ ಅಕ್ಕ ನೀಲವ್ವ ಅತ್ತೆಯ ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ಕೂತಿದ್ದೆ ಎಂದರೆ ಕೂತೇ ಇದ್ದೆ. ಕೆಲಸವೆಲ್ಲ ಅತ್ತೆಯದು. ಗಂಡ ತೀರಿದ ಮೇಲೆ ಅಂಗಡಿಯನ್ನು ಮೈದುನರ ಕೈಗೆ ಕೊಡದೆ ತಾನೇ ಗಾದಿಯ ಮೇಲೆ ಕೂತವಳು. ಲಿಲಾವಿನಲ್ಲಿ ಅವಳು ಕೆಮ್ಮಿದರೆ ಖರೀದಿದಾರರು ದರ ಏರಿಸುತ್ತಿದ್ದರು. ನನ್ನ ಕೆಲಸ ಮಧ್ಯಾಹ್ನದ ಹೊತ್ತು ಹಮಾಲರಿಗೆ ಪೇಟೆಯವರ ದನಿಗಳನ್ನು ತೆಗೆದು ತೋರಿಸುವುದು. ಬಾಜು ಬೇಳೆ ಮಿಲ್ಲಿನ ಶಿವಪುತ್ರಪ್ಪ ಸಾಹುಕಾರರು ಎರಡೂ ಮೂಗಿಗೆ ನಶ್ಯ ತುರುಕಿಕೊಂಡು ಮಾತಾಡುವ ಪದ್ಧತಿ, ಅತ್ತೆ ಬೈಯುವ ಪದ್ಧತಿ, ಬೈಸಿಕೊಂಡ ಮೇಲೆ ನಾನು ನಿಲ್ಲುವ ಪದ್ಧತಿ.

ಸಂಕ್ರಮಣ ಕಳೆದು ಮೆಣಸಿನಕಾಯಿ ಬರತೊಡಗಿದ ದಿನಗಳು. ಒಣ ಚಳಿ, ಮೇಲೆ ಸುಡುವ ಬಿಸಿಲು. ಪೇಟೆಯ ಬಯಲಿನಲ್ಲಿ ಎಲ್ಲಿ ನೋಡಿದರೂ ಕೆಂಪು ರಾಶಿ. ಗಾಳಿ ಬೀಸಿದರೆ ಇಡೀ ಬಜಾರು ಸೀನುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಜೀಪು ಬಂದು ನಮ್ಮ ಅಂಗಡಿಯ ಮುಂದೆ ನಿಂತಿತು. ಇಳಿದವರು ಡಾಕ್ಟರ್ ವಸುಂಧರಾ. ಮೈಸೂರು ಕಡೆಯವರು, ದನದ ಡಾಕ್ಟರಿಕೆ ಓದಿ ಇನ್ನೂ ಮುಂದಕ್ಕೆ ಓದುತ್ತಿದ್ದವರು. ಮೇಡಂ ಅನ್ನುವ ಬದಲು ನಾವು ಅವರನ್ನು ಡಾಕ್ಟರ್ ಬಾಯಾರು ಅನ್ನುತ್ತಿದ್ದೆವು. ಅವರ ಹಿಂದೆ ಕಂಬಳಿಯಲ್ಲಿ ಸುತ್ತಿದ ಒಂದು ಪೆಟ್ಟಿಗೆ ಇಳಿಯಿತು. ಕೇಳಿಸದಂಥ ಸಪ್ಪಳ ಕಳಿಸಿ ಹೊಟ್ಟೆಯೊಳಗಿನ ಚಿತ್ರ ತೆಗೆಯುವ ಅಲ್ಟ್ರಾಸೌಂಡ್ ಯಂತ್ರ. ಅವರ ಕಾಲೇಜಿನಲ್ಲಿ ಎಮ್ಮೆಗಳ ಗಬ್ಬ ನೋಡಲು ತಂದದ್ದಂತೆ. ಕಾಡಿ ಬೇಡಿ ಶಿವರಾತ್ರಿಯೊಳಗೆ ವಾಪಸ್ ಕೊಡುತ್ತೇನೆಂದು ಇಸಿದುಕೊಂಡು ಬಂದಿದ್ದರು. ಕಾಳಿನ ಪೇಟೆಯಲ್ಲಿ ಬೆಕ್ಕಿಗೆ ಬರವಿಲ್ಲ ಎಂದು ಯಾರೋ ಹೇಳಿದ್ದರು.

"ಬೆಕ್ಕಿನ ಗಬ್ಬ ನೋಡಾಕ ಮೈಸೂರಿಂದ ಬಂದೀಯೇನಬೇ ತಂಗಿ? ಅದು ನಮಗ ಹಂಗಽ ಕಾಣತೈತಿ," ಅಂದಳು ಅತ್ತೆ.

"ಗಬ್ಬ ಅಲ್ಲಮ್ಮ, ರಕ್ತ. ಮೈಯಲ್ಲಿ ರಕ್ತ ಎಷ್ಟಿದೆ ಅಂತ ಸೂಜಿ ಚುಚ್ಚದೆ, ಹೊರಗಿನಿಂದಾನೇ ನೋಡ್ಬೇಕು."

ಆಮೇಲೆ ಅವರು ನೆಲದ ಮೇಲಿನ ಧೂಳಿನಲ್ಲಿ ಬೆರಳಿನಿಂದ ಗೀಚಿ ತಿಳಿಸಿದರು. ಹೊಟ್ಟೆಯೊಳಗೆ ಬೆನ್ನಿನ ಹತ್ತಿರ ಎರಡು ದೊಡ್ಡ ರಕ್ತನಾಳಗಳಿವೆ. ಒಂದು ಹೃದಯದಿಂದ ರಕ್ತ ಒಯ್ಯುವುದು. ಅದರ ಗೋಡೆ ಗಟ್ಟಿ, ಗುಂಡಗೇ ಇರುತ್ತದೆ. ಇನ್ನೊಂದು ಹೃದಯಕ್ಕೆ ರಕ್ತ ತರುವುದು; ಅದು ಮೆತ್ತಗಿನದು. ಮೈಯಲ್ಲಿ ರಕ್ತ ಸೋರಿದರೆ, ನೀರು ಆರಿದರೆ, ತರುವ ನಾಳ ಚಪ್ಪಟೆಯಾಗುತ್ತದೆ. ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಅಳೆದರೆ ಎಷ್ಟು ಕೊರತೆ ಎಂದು ಅಂದಾಜು ಸಿಕ್ಕಬೇಕು.

"ಪಂಪ್ ಬಂದ್ ಮಾಡಿದ ಮ್ಯಾಗ ಹೊಲದಾಗಿನ ಪ್ಲಾಸ್ಟಿಕ್ ಪೈಪು ನೆಲಕ್ಕ ಹತ್ತಿ ಮಕ್ಕೊಂತೈತಲ್ಲ, ಹಂಗ," ಅಂದಳು ಅತ್ತೆ.

"ಹಾಗೇ. ಸಿಕ್ಕಬೇಕು ಅಂತ ನಾನು ಹೇಳ್ತೀನಿ. ನಮ್ಮ ಗೈಡು, ಬೆಕ್ಕು ಇಷ್ಟು ಚಿಕ್ಕದು, ಅದರಲ್ಲಿ ಏನು ಕಾಣುತ್ತೆ, ಎಮ್ಮೆ ನೋಡ್ಕೊಂಡಿರು ಅಂತಾರೆ." ಅವರು ಧೂಳಿನ ಚಿತ್ರ ಅಳಿಸಿದರು. "ಕಾಲೇಜಿಗೆ ಒಂದು ಬೆಕ್ಕು ಬಂದಿತ್ತು, ನಾಯಿ ಕಚ್ಚಿ ರಕ್ತ ಹೋಗಿತ್ತು. ನಾನೇ ಸಲೈನ್ ಹಾಕ್ದೆ. ಬೆಕ್ಕಿಗೆ ಕಡಿಮೆ ಹಾಕಿದ್ರೂ ಉಳಿಯಲ್ಲ, ಜಾಸ್ತಿ ಆದ್ರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ನನ್ನ ಕೈಯಲ್ಲೇ ಹೋಯ್ತು. ಎಲ್ಲಿ ನಿಲ್ಲಿಸ್ಬೇಕಿತ್ತು ಅಂತ ಇವತ್ತಿಗೂ ಗೊತ್ತಿಲ್ಲ."

ಅತ್ತೆ ಗಾದಿಯಿಂದ ಎದ್ದಳು. ಹಿಂದೆ ಚೀಲ ಪೇರಿಸಿಡುವ ವಖಾರದ ಕೋಣೆಯ ಕೀಲಿ ತೆಗೆದು ಅವರ ಕೈಗಿಟ್ಟಳು. ಅದೇ ಗಳಿಗೆಯಲ್ಲಿ ನಾನು ಎದ್ದು ನಿಂತು, ಬೆಕ್ಕು ಕರೆಯುವ ಕೆಲಸ ನನಗೆ ಬಿಡಿ ಎಂದು ಹೇಳಿದ್ದು.

ಮರುದಿನ ಬೆಳಿಗ್ಗೆ ಚೀಲಗಳ ನಡುವೆ ಕೂತು, ಕಣ್ಣು ಮುಚ್ಚಿ, ನನ್ನ ಅತ್ಯುತ್ತಮ ಮ್ಯಾಂವ್ ತೆಗೆದೆ. ಹಮಾಲರು ಬಂದರು. ಎದುರಿನ ಅಂಗಡಿಯ ಗುಮಾಸ್ತ ಬಂದ. ಯಾರಿಗೆ ಹೊಟ್ಟೆನೋವು ಎಂದು ಕೇಳುತ್ತ ಚಹಾದವನು ಬಂದ. ಬೆಕ್ಕು ಒಂದೇ ಬಂತು; ಕಿವಿ ಹರಿದ ಗಂಡುಬೆಕ್ಕು, ನನ್ನೊಡನೆ ಜಗಳವಾಡಲು. ಅತ್ತೆ ಒಳಗಿನಿಂದ ಅಲ್ಯುಮಿನಿಯಂ ತಟ್ಟೆಯನ್ನು ನೆಲಕ್ಕೆ ಒಮ್ಮೆ ಕುಟ್ಟಿದಳು. ನಾಲ್ಕೂ ದಿಕ್ಕಿನಿಂದ ಬೆಕ್ಕುಗಳು ಇಳಿದು ಬಂದವು.

"ನಿಮ್ಮ ದನಿಯಲ್ಲಿ ಅವು ಏನು ಕೇಳಿಸ್ಕೊಂಡವೋ ಏನೋ," ಅಂದರು ಡಾಕ್ಟರ್ ಬಾಯಾರು. "ಪರವಾಗಿಲ್ಲ, ಇನ್ಮೇಲೆ ಹಿಡ್ಕೊಳೋ ಕೆಲಸ ನಿಮಗೆ."

ಹಿಡಿದುಕೊಳ್ಳುವುದೆಂದರೆ ಬೆಕ್ಕನ್ನು ಮಗ್ಗುಲಾಗಿ ಮಲಗಿಸಿ, ಮುಂಗಾಲು ಒಂದು ಕೈಯಲ್ಲಿ, ಹಿಂಗಾಲು ಒಂದು ಕೈಯಲ್ಲಿ ಹಿಡಿದು, ಅದು ಶಾಂತವಾಗುವವರೆಗೆ ನಾವೂ ಶಾಂತವಾಗಿರುವುದು. ಬೆಕ್ಕು ಶಾಂತವಾಗುತ್ತಿತ್ತು, ನನ್ನ ಬಾಯಿ ಆಗುತ್ತಿರಲಿಲ್ಲ. ಹಾಗೆ ಮಲಗಿಸುವ ಮೊದಲು ಪಕ್ಕೆಯ ಹತ್ತಿರ ಒಂದಿಷ್ಟು ಕೂದಲು ಬೋಳಿಸಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಒಳಗಿನದು ಕಾಣುವುದಿಲ್ಲ. ನಮ್ಮ ಕ್ಷೌರಿಕ, "ಬೆಕ್ಕಿಗೆ ಹಚ್ಚಿದ ಕತ್ತಿ ಮತ್ತ ನಿಮ್ಮ ಗದ್ದಕ್ಕ ಹಚ್ಚಲೇನು?" ಎಂದು ಕೈ ಮುಗಿದು ಹೋದ. ನನ್ನ ಗಡ್ಡದ ಬ್ಲೇಡಿನಿಂದ ನಾನೇ ಬೋಳಿಸಿದೆ. ವಾರದೊಳಗೆ ಪೇಟೆಯ ತುಂಬ ಪಕ್ಕೆ ಬೋಳಾದ ಬೆಕ್ಕುಗಳು ಓಡಾಡತೊಡಗಿದವು. ನವಲಗುಂದದ ಕಡೆಯಿಂದ ಕಾಯಿ ತಂದ ರೈತರು, ಇದು ಯಾವ ದೇವರ ಹರಕೆ ಎಂದು ಕೇಳಿ, ಹುಷಾರಾಗಿ ಸುತ್ತು ಹಾಕಿ ಹೋಗುತ್ತಿದ್ದರು.

ಲೋಳೆ ಹಚ್ಚಿ, ಯಂತ್ರದ ಹಿಡಿಕೆ ಇಟ್ಟು, ಪರದೆಯ ಮೇಲೆ ಎರಡು ಕಪ್ಪು ವೃತ್ತ ಕಂಡವು ಅನ್ನುವಷ್ಟರಲ್ಲಿ ಹೊರಗೆ ಯಾರಾದರೂ ಮೆಣಸಿನಕಾಯಿ ಚೀಲ ಕೊಡವುತ್ತಿದ್ದರು. ಬೆಕ್ಕು ಸೀನುತ್ತಿತ್ತು, ನಾನು ಸೀನುತ್ತಿದ್ದೆ, ಡಾಕ್ಟರರು ಸೀನುತ್ತಿದ್ದರು. ಎರಡು ವೃತ್ತ ಎಲ್ಲೋ ಹೋಗಿಬಿಡುತ್ತಿದ್ದವು. ಮತ್ತೆ ಮೊದಲಿನಿಂದ.

ಅದು ಸರಿಹೋದರೆ ಕರೆಂಟು. ಇರುವುದೇ ಅಪರೂಪ, ಇದ್ದಾಗ ಶಿವಪುತ್ರಪ್ಪ ಸಾಹುಕಾರರ ಬೇಳೆ ಮಿಲ್ಲು ಸುರುವಾಗುತ್ತಿತ್ತು. ಮಿಲ್ಲು ತಿರುಗಿದರೆ ಪರದೆಯ ತುಂಬ ಬಿಳಿ ಗೆರೆ ಕುಣಿಯುತ್ತಿದ್ದವು, ಬೆಕ್ಕಿನ ಹೊಟ್ಟೆಯೊಳಗೆ ಮಳೆ ಹಿಡಿದಂತೆ. ಮಧ್ಯಾಹ್ನ ಮಿಲ್ಲಿನವರು ಊಟಕ್ಕೆ ಹೋದಾಗ ಮಾತ್ರ ಕೆಲಸ. ಆ ಹೊತ್ತಿಗೆ ಸರಿಯಾಗಿ ಬೆಕ್ಕುಗಳೂ ಮಾಳಿಗೆ ಹತ್ತಿ ಮಲಗುತ್ತಿದ್ದವು.

ಇನ್ನು ಜನ. ಯಂತ್ರ ಬಂದಿದೆ ಎಂದು ತಿಳಿದ ಮೇಲೆ ಯಾರಿಗೂ ಬೆಕ್ಕು ಬೇಕಿರಲಿಲ್ಲ. ಒಬ್ಬರು ತಮ್ಮ ಹೊಟ್ಟೆಯೊಳಗಿನ ಗ್ಯಾಸು ಯಾವ ಕಡೆ ನಿಂತಿದೆ ನೋಡಿ ಅಂದರು. ಶಿವಪುತ್ರಪ್ಪ ಸಾಹುಕಾರರು ಗಂಭೀರವಾಗಿ ಬಂದು ಕುಳಿತರು.

"ಬಾಯಾರ, ಈ ರೈತರು ಮ್ಯಾಲ ಒಣ ಕಾಯಿ ಹಾಕಿ, ನಡುವ ಹಸಿ ಕಾಯಿ ತುಂಬತಾರ್ರಿ. ಈ ಮಶೀನ್ ಚೀಲಕ್ಕ ಹಚ್ಚಿದ್ರ ಒಳಗಿಂದು ಕಾಣತೈತೇನ್ರಿ?"

"ಕಾಣಲ್ಲ ಸಾರ್. ಚೀಲದಲ್ಲಿ ಗಾಳಿ ಇರುತ್ತೆ, ಗಾಳಿ ದಾಟಿ ಏನೂ ಕಾಣಲ್ಲ."

"ಹಂಗಾರ ಇದು ಉಪಯೋಗದ್ದಲ್ಲ ಬಿಡ್ರಿ," ಎಂದು ನಶ್ಯ ಏರಿಸಿ ಎದ್ದು ಹೋದರು.

ದಿನಾ ತಪ್ಪದೆ ಬರುತ್ತಿದ್ದವರು ಚನ್ನಬಸಪ್ಪ ಮಾಮಾ. ಎಲ್ಲೆಲ್ಲೋ ಊರುಗಳಲ್ಲಿ ದನದ ದವಾಖಾನೆಯ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯ, ಅವರ ನಂಬಿಕೆ ಒಂದೇ, ಅದು ಸಲಾಯಿನ್ ಬಾಟಲಿ. ಅದಕ್ಕೆ ಅವರೊಬ್ಬರನ್ನೇ ಆಡಿಕೊಳ್ಳುವುದು ನ್ಯಾಯವಲ್ಲ. ನಮ್ಮ ಕಡೆ ಜ್ವರ ಬರಲಿ, ತಲೆ ತಿರುಗಲಿ, ಬಾಟಲಿ ಹಚ್ಚಿಸಿಕೊಂಡು ಬಂದರೇ ಉಪಚಾರ ಆಯಿತೆಂದು ಲೆಕ್ಕ. ನೋಡಲು ಬಂದವರು ಮಲಗಿದವನ ಮುಖ ನೋಡುವುದಿಲ್ಲ, ಬಾಟಲಿ ನೋಡುತ್ತಾರೆ. ತಳದಲ್ಲಿ ಬೆರಳಿನಷ್ಟು ಉಳಿದಾಗ ಡಾಕ್ಟರು ತೆಗೆದರೆ, ಆ ಡಾಕ್ಟರು ಮೋಸಗಾರ.

"ಅಲ್ರಿ ಬಾಯಾರ, ರಗತ ಕಮ್ಮಿ ಆತು ಅಂದ್ರ ಬಾಟ್ಲಿ ಹಚ್ಚೂದು. ಇಷ್ಟಕ್ಕ ಹೊಟ್ಟ್ಯಾಗ ಇಣಕಿ ಯಾಕ ನೋಡಬೇಕ್ರಿ?" ಎಂದು ಮಾಮಾ ದಿನಾ ಕೇಳುತ್ತಿದ್ದರು. ಬಾಯಾರು ದಿನಾ ಅದೇ ಉತ್ತರ ಹೇಳುತ್ತಿದ್ದರು. ಮರುದಿನ ಮಾಮಾ ಅದೇ ಪ್ರಶ್ನೆ ತರುತ್ತಿದ್ದರು. ನನಗೆ ಇಬ್ಬರ ದನಿಯೂ ಬಾಯಿಪಾಠವಾಗಿತ್ತು.

ಒಂದು ದಿನ ಹಮಾಲರ ಮುಂದೆ ಡಾಕ್ಟರ್ ಬಾಯಾರ ದನಿ ತೆಗೆದೆ. ಹೆಗಲ ಮೇಲೆ ಟವೆಲು ಹೊದ್ದು, ಖಾಲಿ ಚೀಲವೊಂದನ್ನು ಮಲಗಿಸಿಕೊಂಡು, "ಸ್ವಲ್ಪ ಸುಮ್ನಿರಪ್ಪಾ ಬೆಕ್ಕಪ್ಪಾ, ಆಯ್ತು ಕಣಪ್ಪಾ, ಮುಗೀತು ಕಣಪ್ಪಾ" ಎಂದು ಲೋಳೆ ಸವರುತ್ತಿದ್ದೆ. ಹಮಾಲರು ನಗುವುದನ್ನು ಒಮ್ಮೆಗೇ ನಿಲ್ಲಿಸಿದರು. ಬಾಯಾರು ನನ್ನ ಹಿಂದೆಯೇ ನಿಂತಿದ್ದರು.

"ನನ್ನ ಹಾಗೆ ಮಾತಾಡೋದು ಬಂತು, ಮಲ್ಲಪ್ಪ. ಬೆಕ್ಕು ಹಿಡ್ಕೊಳೋದು ಯಾವಾಗ ಬರುತ್ತೆ?"

ಅವತ್ತಿನಿಂದ ಒಂದಿಷ್ಟು ಚೆನ್ನಾಗಿ ಹಿಡಿದೆ. ಮಾನ ಉಳಿಯಲಿ ಅಂತ. ಹಿಡಿಯುತ್ತ ಹಿಡಿಯುತ್ತ ನನಗೂ ಪರದೆ ನೋಡುವುದು ರೂಢಿಯಾಯಿತು. ಒಯ್ಯುವ ನಾಳ ಮಿಡಿಯುತ್ತದೆ. ತರುವ ನಾಳ ಪಕ್ಕದಲ್ಲಿ, ಉಸಿರಿನೊಡನೆ ಚೂರು ಹಿಗ್ಗಿ ಕುಗ್ಗುತ್ತದೆ. ನೆಟ್ಟಗಿರುವ ಬೆಕ್ಕಿನಲ್ಲಿ ಅವೆರಡೂ ಹೆಚ್ಚುಕಡಿಮೆ ಒಂದೇ ಅಳತೆ. ಆದರೆ ಎಷ್ಟು ಬೆಕ್ಕು ನೋಡಿದರೂ ಎಲ್ಲವೂ ತುಂಬಿದವೇ. ಪೇಟೆಯ ಬೆಕ್ಕುಗಳು ನಮಗಿಂತ ಚೆನ್ನಾಗಿ ತಿಂದುಂಡು ಇದ್ದವು. ಕಡಿಮೆಯಾದರೆ ಹೇಗೆ ಕಾಣುತ್ತದೆ ಎಂದು ತೋರಿಸುವ ಬೆಕ್ಕು ಒಂದೂ ಇರಲಿಲ್ಲ. ಬೇಕೆಂದು ಯಾವುದರ ರಕ್ತವನ್ನೂ ತೆಗೆಯಲು ಬಾಯಾರು ತಯಾರಿರಲಿಲ್ಲ. ಶಿವರಾತ್ರಿ ಹತ್ತಿರ ಬಂತು. ಅವರ ಮುಖ ದಿನದಿನಕ್ಕೆ ಗಂಟಾಯಿತು. ಯಂತ್ರ ವಾಪಸ್ ಹೋದರೆ ಅವರ ಪಾಲಿಗೆ ಉಳಿಯುವುದು ಎಮ್ಮೆ ಮಾತ್ರ.

ಅಂಥ ಒಂದು ಮಧ್ಯಾಹ್ನ, ಲಾರಿಗೆ ತುಂಬಲು ಎಳೆಯುತ್ತಿದ್ದಾಗ, ವಖಾರದ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಚೀಲಗಳ ಥಪ್ಪಿ ವಾಲಿ ಬಿತ್ತು. ಅದರ ಕೆಳಗೆ ಕಬರಿ ಇತ್ತು.

ಕಬರಿ ಅತ್ತೆಯ ಬೆಕ್ಕು. ಬಿಳಿ, ಕಪ್ಪು, ಕಂದು ಮೂರೂ ಕಲೆಸಿದ ಬಣ್ಣ. ಪೇಟೆಯ ಬೆಕ್ಕುಗಳೆಲ್ಲ ಬೋಳಾದರೂ ಅತ್ತೆ ಅದೊಂದನ್ನು ಮುಟ್ಟಗೊಟ್ಟಿರಲಿಲ್ಲ. ಮರಿ ಹಾಕಿದ ಬಾಣಂತಿ, ಅದರ ಮೈಗೆ ಥಂಡಿ ಲೋಳೆ ಬೇಡ ಅನ್ನುತ್ತಿದ್ದಳು. ಮರಿಗಳು ತಕ್ಕಡಿಯ ಹಿಂದಿನ ಹಳೆಯ ಬುಟ್ಟಿಯಲ್ಲಿದ್ದವು, ಇನ್ನೂ ಕಣ್ಣು ತೆರೆದಿರಲಿಲ್ಲ. "ಅದರ ಮ್ಯಾಗ ನನಗೇನು ಪ್ರೀತಿ ಇಲ್ಲ, ಅದು ವಖಾರದ ಜವಾನ," ಎಂದು ಹೇಳುತ್ತ, ದಿನಾ ತನ್ನ ಪಾಲಿನ ಹಾಲಿನ ಕೆನೆ ಅದಕ್ಕೆ ಹಾಕುತ್ತಿದ್ದಳು.

ಹಮಾಲರು ಚೀಲ ಎತ್ತಿ ಎಳೆದು ಹೊರಗೆ ತೆಗೆದಾಗ ಕಬರಿಗೆ ಹೊರಗಿನ ಗಾಯ ಏನೂ ಇರಲಿಲ್ಲ. ಆದರೆ ಕತ್ತು ನಿಲ್ಲುತ್ತಿರಲಿಲ್ಲ. ಬಾಯಾರು ತುಟಿ ಎತ್ತಿ ನೋಡಿದರು. ಒಸಡು ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಒಳಗೆ ರಕ್ತ ಹೋಗ್ತಿದೆ," ಅಂದರು.

ಅತ್ತೆ ತಾನೇ ಓಡಿಹೋಗಿ ನನ್ನ ಬ್ಲೇಡು ತಂದುಕೊಟ್ಟಳು. ನಾನು ಹಿಡಿದುಕೊಂಡೆ, ಹಿಡಿಯುವುದಕ್ಕೇನೂ ಇರಲಿಲ್ಲ, ಅದು ಒದೆಯಲೇ ಇಲ್ಲ. ಅಲ್ಲಿಯವರೆಗೆ ಪರಚಿಸಿಕೊಂಡದ್ದಕ್ಕೆಲ್ಲ ಬೈದಿದ್ದೆ. ಈಗ ಒಂದು ಸಲ ಪರಚಲಿ ಅನಿಸಿತು.

ಯಂತ್ರ ಹಚ್ಚಿದರೆ ಪರದೆಯ ತುಂಬ ಬಿಳಿ ಗೆರೆ. ಮೆಣಸಿನಕಾಯಿ ಸುಗ್ಗಿಯೊಡನೆ ತೊಗರಿಯೂ ಬಂದು ಬಿದ್ದಿದ್ದರಿಂದ ಅವತ್ತು ಮಿಲ್ಲು ಊಟದ ಹೊತ್ತಿಗೂ ನಿಂತಿರಲಿಲ್ಲ. ಸಾಹುಕಾರರು ಊಟಕ್ಕೆ ಮನೆಗೆ ಹೋಗಿದ್ದರು. ಅವರ ಆಳುಗಳು ಅವರ ಮಾತಿಲ್ಲದೆ ಮಿಲ್ಲು ನಿಲ್ಲಿಸುವವರಲ್ಲ.

"ನಿಲ್ಸಕ್ಕೆ ಹೇಳಿ ಯಾರಾದ್ರೂ," ಅಂದರು ಬಾಯಾರು. "ನನಗೆ ಏನೂ ಕಾಣ್ತಿಲ್ಲ."

ಕಬರಿಯನ್ನು ಅತ್ತೆಯ ಕೈಗೆ ಕೊಟ್ಟು, ಹಿಂದಿನ ಗೋಡೆಯ ಗವಾಕ್ಷಿಗೆ ಬಾಯಿಟ್ಟು, ಮೂಗು ಕಟ್ಟಿಕೊಂಡು ಸಾಹುಕಾರರ ದನಿ ತೆಗೆದೆ: "ಲೇ, ಬಂದ್ ಮಾಡ್ಲೇ ಮಿಲ್ಲ, ಬೆಲ್ಟ್ ಸುಡಾಕತ್ತೈತಿ, ಮೂಗಿಗಿ ವಾಸನಿ ಬಡ್ಯಾಂಗಿಲ್ಲೇನು ನಿಮಗ?" ಒಂದು ಗಳಿಗೆಯಲ್ಲಿ ಮಿಲ್ಲು ನಿಂತಿತು. ಅಷ್ಟು ವರ್ಷ ತೆಗೆದ ದನಿಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಬಂದು ಕಬರಿಯನ್ನು ಮತ್ತೆ ಹಿಡಿದುಕೊಂಡೆ. ಪರದೆ ತಿಳಿಯಾಯಿತು. ಒಯ್ಯುವ ನಾಳ ಗುಂಡಗೆ, ಜೋರಾಗಿ ಮಿಡಿಯುತ್ತಿತ್ತು. ಅದರ ಪಕ್ಕದಲ್ಲಿ ಇರಬೇಕಾದದ್ದು ಇರಲಿಲ್ಲ. ಬಾಯಾರು ಹಿಡಿಕೆಯನ್ನು ಚೂರು ವಾಲಿಸಿದರು. ಆಗ ಕಂಡಿತು, ಉಗುರಿನಿಂದ ಗೀರಿದಂಥ ಒಂದು ಸಣ್ಣ ಗೀಟು.

"ಇದೇ," ಅಂದರು. ಅವರ ದನಿಯಲ್ಲಿ ಖುಷಿ ಇರಲಿಲ್ಲ.

ಮುಂಗಾಲಿಗೆ ಸಣ್ಣ ಸೂಜಿ ಹಾಕಿ ಬಾಟಲಿ ತೂಗುಹಾಕಿದರು, ತೊಲೆಯ ಮೊಳೆಗೆ. ಸ್ವಲ್ಪ ಬಿಡುವುದು, ನಿಲ್ಲಿಸುವುದು, ಪರದೆ ನೋಡುವುದು. ಮತ್ತೆ ಸ್ವಲ್ಪ. ಗೀಟು ಬಾಯಿ ತೆರೆಯಿತು. ಎಳ್ಳಿನ ಆಕಾರ ಬಂತು, ಆಮೇಲೆ ಕಡಲೆಯ ಆಕಾರ. ಪಕ್ಕದ ನಾಳದ ಅಳತೆಗೆ ಬರುತ್ತಿದ್ದಂತೆ ಬಾಯಾರು ನಳಿಗೆಯ ಗಾಲಿ ತಿರುಗಿಸಿ ಪೂರ್ತಿ ಬಂದ್ ಮಾಡಿದರು.

"ಸಾಕು."

ಅಷ್ಟು ಹೊತ್ತಿಗೆ ಅರ್ಧ ಪೇಟೆ ಅಲ್ಲಿತ್ತು. ಎಲ್ಲರೂ ಬಾಟಲಿ ನೋಡಿದರು. ಅದರಲ್ಲಿ ಎರಡು ಬೆರಳಿನಷ್ಟೂ ಇಳಿದಿರಲಿಲ್ಲ.

"ಇನ್ನೂ ತುಂಬೇ ಐತೆಲ್ರಿ," ಅಂದ ಒಬ್ಬ ಹಮಾಲ.

"ಪೂರಾ ಹಾಕ್ರಿ ಬಾಯಾರ," ಅಂದರು ಚನ್ನಬಸಪ್ಪ ಮಾಮಾ. "ಪಾಪ, ಬಾಣಂತಿ ಅದು. ಮರಿಗಿ ಹಾಲರ ಎಲ್ಲಿಂದ ಬರಬೇಕು?"

"ಹಾಕಬೇ ತಂಗಿ," ಅಂದಳು ಅತ್ತೆ. ಅವಳು ಯಾರನ್ನೂ ಬೇಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಬಾಟ್ಲಿ ಕಮ್ಮಿ ಬಿದ್ರ ಇನ್ನೊಂದು ತರಸ್ತೀನಿ."

"ಅಮ್ಮಾ, ಈ ಬೆಕ್ಕಿನ ತೂಕ ಮೂರು ಸೇರೂ ಇಲ್ಲ. ಆ ಬಾಟ್ಲಿ ಮನುಷ್ಯರದ್ದು. ಪೂರ್ತಿ ಹಾಕಿದ್ರೆ ಉಸಿರು ಕಟ್ಟಿ ಸಾಯುತ್ತೆ."

ಇದೇ ಹೊತ್ತಿಗೆ ಶಿವಪುತ್ರಪ್ಪ ಸಾಹುಕಾರರು ಉಂಡ ಕೈಯಲ್ಲೇ ಬಂದರು. "ನಾ ಇನ್ನೂ ರೊಟ್ಟಿ ಮುಗಿಸಿ ಅನ್ನಕ್ಕ ಬಂದಿದ್ದಿಲ್ಲ, ನಾ ಬಂದು ಮಿಲ್ ಬಂದ್ ಮಾಡಂದ್ನಿ ಅಂತಾವು ಈ ಮಕ್ಕಳು. ನಾ ಯಾವಾಗ ಬಂದಿದ್ನಿ?"

"ನಿಮ್ಮ ದನೀನಽ ಇತ್ತ್ರಿ, ನಾನೂ ಕೇಳೀನಿ," ಅಂದಳು ಅತ್ತೆ, ಮುಖ ತಿರುಗಿಸದೆ. ನಾನು ಬೆಕ್ಕು ಹಿಡಿಯುವುದರಲ್ಲಿ ಬಹಳ ಮಗ್ನನಾದೆ.

ಬಾಯಾರು ಸಾಹುಕಾರರನ್ನು ಹೊರಗೆ ಕರೆದೊಯ್ದು, ಇನ್ನೊಂದು ತಾಸು ಮಿಲ್ಲು ನಿಲ್ಲಿಸಲು ಕೇಳಿಕೊಳ್ಳುತ್ತಿದ್ದರು. ಯಂತ್ರದ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು, ಅಲುಗಾಡಿಸಬೇಡ ಎಂದಿದ್ದರು. ಆಗ ಚನ್ನಬಸಪ್ಪ ಮಾಮಾ ಅತ್ತೆಯ ಮುಖ ನೋಡಿದರು. ಅತ್ತೆ ತಲೆಯನ್ನು ಚೂರೇ ಚೂರು ಆಡಿಸಿದಳು. ಅವರಿಬ್ಬರ ನಡುವೆ ಏನು ಮಾತಾಯಿತೆಂದು ನನಗೆ ತಿಳಿಯಲಿಲ್ಲ. ನನ್ನ ಕಣ್ಣು ಆಗಲೇ ಪರದೆಗೆ ಮರಳಿತ್ತು. ಕಡಲೆಯ ಆಕಾರದ್ದು ಅವರೆಯಾಯಿತು. ಪಕ್ಕದ ನಾಳವನ್ನು ಅಳತೆಯಲ್ಲಿ ಹಿಂದೆ ಹಾಕಿತು. ಯಾವ ಬೆಕ್ಕಿನಲ್ಲೂ ನಾನು ಅಷ್ಟು ದಪ್ಪ ನೋಡಿರಲಿಲ್ಲ. ನನ್ನ ಅಂಗೈ ಕೆಳಗೆ ಕಬರಿಯ ಪಕ್ಕೆ ಬೇಗ ಬೇಗ ಏರಿಳಿಯತೊಡಗಿತು.

ತಲೆ ಎತ್ತಿ ನೋಡಿದರೆ ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದವು. ಗಾಲಿ ಪೂರ್ತಿ ಸಡಿಲಾಗಿತ್ತು. ಮಾಮಾ ಅದರ ಪಕ್ಕದಲ್ಲಿ ಪುಣ್ಯದ ಕೆಲಸ ಮಾಡಿದವರಂತೆ ಕೈ ಕಟ್ಟಿ ನಿಂತಿದ್ದರು.

"ಬಾಯಾರ," ಎಂದು ಕೂಗಿದೆ. ನನ್ನ ಸ್ವಂತ ದನಿಯಲ್ಲಿ. ಅದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಅವರು ಒಳಗೆ ಬಂದು ಒಂದು ನೋಟ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ನಳಿಗೆಯನ್ನೇ ಕಿತ್ತು ಸುರುಳಿ ಸುತ್ತಿ ತಮ್ಮ ಕೋಟಿನ ಕಿಸೆಗೆ ಹಾಕಿಕೊಂಡರು. ಹೆಚ್ಚಾದ ನೀರು ಮೂತ್ರವಾಗಿ ಹೋಗುವ ಔಷಧಿಯನ್ನು ಕಬರಿಗೆ ಚುಚ್ಚಿ, ಎದೆ ಎತ್ತರವಾಗುವಂತೆ ಗೋಣಿ ಮಡಿಸಿ ಮಲಗಿಸಿದರು. ಆಮೇಲೆ ಪಕ್ಕದ ಚೀಲದ ಮೇಲೆ ಕುಳಿತು, ಅದರ ಮೂಗಿನ ಹತ್ತಿರ ಕಿವಿಯಿಟ್ಟು ಕೇಳುತ್ತಲೇ ಇದ್ದರು. ಕಾಲೇಜಿನ ಆ ಬೆಕ್ಕಿನ ಸುದ್ದಿ ನನಗೂ ಅತ್ತೆಗೂ ಗೊತ್ತಿತ್ತು. ಅತ್ತೆ ಕಂಬಕ್ಕೆ ಒರಗಿ ಕೂತು, ಸೆರಗಿನ ಅಂಚನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಹೊರಗೆ ಲಿಲಾವಿನವರು ಕರೆದರು. ಅವಳು ಹೋಗಲಿಲ್ಲ.

ಬಾಯಾರು ನಡುನಡುವೆ ಪರದೆ ನೋಡಿದರು. ಬಿಸಿಲು ಇಳಿಯುವ ಹೊತ್ತಿಗೆ ಗೋಣಿ ಒದ್ದೆಯಾಯಿತು. ದಪ್ಪ ನಾಳ ಮೆಲ್ಲಗೆ ತನ್ನ ಅಳತೆಗೆ ಇಳಿಯಿತು. ಪಕ್ಕೆಯ ಏರಿಳಿತ ನಿಧಾನವಾಯಿತು. ಲಾರಿ ತುಂಬಿ ಹೊರಟಾಗ ಎದ್ದ ಧೂಳಿಗೆ ಕಬರಿ ಒಂದು ಸಣ್ಣ ಸೀನು ಸೀನಿತು. ಬಾಯಾರು ನಕ್ಕರು. ಆಮೇಲೆ ಅವರು ಎದ್ದು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಕೈ ತೊಳೆದುಕೊಂಡರು.

ಮರುದಿನ ಬೆಳಿಗ್ಗೆ ನಾನು ಹೋದಾಗ ಕಬರಿ ಬುಟ್ಟಿಯಲ್ಲಿತ್ತು, ಮರಿಗಳು ಅದರ ಬೋಳು ಪಕ್ಕೆಗೆ ಹತ್ತಿಕೊಂಡಿದ್ದವು. ಮುಟ್ಟಲು ಹೋದೆ. ಪರಚಿತು.

ಶಿವರಾತ್ರಿಯ ಮುನ್ನಾದಿನ ಯಂತ್ರ ಮತ್ತೆ ಕಂಬಳಿಯಲ್ಲಿ ಸುತ್ತಿಕೊಂಡು ಜೀಪು ಹತ್ತಿತು. ಒಂದು ಬೆಕ್ಕು ನೋಡಿ ಯಾರೂ ಒಪ್ಪುವುದಿಲ್ಲ, ಇಂಥವು ಇನ್ನೂ ಎಷ್ಟೋ ನೋಡಬೇಕು ಎಂದು ಬಾಯಾರೇ ಹೇಳಿದರು. ಅವರ ಗೈಡು ಒಪ್ಪಿದರೋ, ಇಲ್ಲ ಎಮ್ಮೆಗೇ ಹಚ್ಚಿದರೋ ನನಗೆ ಗೊತ್ತಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಕಂಡಿತ್ತು, ನಾನೂ ಕಂಡಿದ್ದೆ. ಅವರು ಅಲ್ಲೇ ನಿಲ್ಲಿಸಿಯೂ ಇದ್ದರು; ಮತ್ತೆ ಬಿಟ್ಟವರು ನಾವು.

ಕಳಿಸಲು ಜೀಪಿನ ಹತ್ತಿರ ಎಲ್ಲರೂ ನಿಂತಿದ್ದೆವು. ಚನ್ನಬಸಪ್ಪ ಮಾಮಾ ತಮ್ಮ ಮನಸ್ಸಿನಲ್ಲಿ ಅಷ್ಟು ದಿನ ಕುದಿಯುತ್ತಿದ್ದುದನ್ನು ಕೊನೆಗೂ ಹೊರಗೆ ಹಾಕಿದರು.

"ಏನಽ ಹೇಳ್ರಿ ಬಾಯಾರ, ಅವತ್ತ ಬಾಟ್ಲಿ ಪೂರಾ ಹಾಕಿದ್ರ ಅದು ಅವತ್ತಽ ಎದ್ದ ಓಡ್ಯಾಡತಿತ್ತು."

ಹಮಾಲರು ಹೌದೆಂದು ಗೋಣು ಹಾಕಿದರು. ಶಿವಪುತ್ರಪ್ಪ ಸಾಹುಕಾರರೂ ಹಾಕಿದರು. ಬಾಯಾರು ಜೀಪಿನ ಬಾಗಿಲು ಹಿಡಿದುಕೊಂಡು ಕಣ್ಣು ಮುಚ್ಚಿದರು. ಮತ್ತೆ ಮೊದಲಿನಿಂದ ಹೇಳಬೇಕಲ್ಲ ಎಂಬ ಸುಸ್ತು ಅವರ ಮುಖದ ತುಂಬ. ಅವತ್ತು ತಲೆಯಾಡಿಸಿ ಗಾಲಿ ಬಿಡಿಸಿದ ನಮ್ಮ ಅತ್ತೆ, ಅದರ ಸುಳಿವೇ ಇಲ್ಲದ ಮುಖ ಮಾಡಿಕೊಂಡು ಮಾಮಾನ ಕಡೆ ತಿರುಗಿದಳು.

"ಚನ್ನಬಸಪ್ಪಾ, ನಿನಗ ನೀರಡಿಕಿ ಆದ್ರ ಒಂದ ತಂಬಿಗಿ ಕುಡದ ಸುಮ್ಮನಾಗತೀಯೋ, ಭಾವಿ ಮುಗಿಯೂತನಾ ಕುಡಿತೀಯೋ?"